ಪಾಸ್‌ವರ್ಡ್ ಬದಲಾಯಿಸಿದರೂ ಕಳ್ಳ ಹೋಗಲಿಲ್ಲ!

ಯುಗಾದಿಗೆ ಊರಿಗೆ ಹೋದರೆ ಅಪ್ಪ ಬಾಗಿಲಲ್ಲೇ ಹಿಡಿದರು. "ನನ್ನ ಇಮೇಲಿಂದ ಯಾರ್ಯಾರಿಗೋ ದುಡ್ಡು ಕೇಳ್ಕೊಂಡು ಮೇಲ್ ಹೋಗ್ತಿದೆ ಕಣೇ. ಎರಡು ಸಲ ಪಾಸ್‌ವರ್ಡ್ ಬದಲಾಯಿಸ್ದೆ, ನಿಂತಿಲ್ಲ."

ಎಲ್ಲಿ ಬದಲಾಯಿಸಿದ್ರಿ ಅಂದರೆ, ಹಾಲ್‌ನ ಮೂಲೆಯ ಕಂಪ್ಯೂಟರ್ ತೋರಿಸಿದರು. ಎಡವಟ್ಟಾಗಿದ್ದು ಅಲ್ಲೇ. ಕಳ್ಳನನ್ನು ಒಳಗೆ ಕೂರಿಸಿಕೊಂಡು ಅವನೆದುರೇ ಹೊಸ ಬೀಗ ಹಾಕಿದ ಹಾಗೆ!

ಮೊದಲು ಕಂಪ್ಯೂಟರಿನ ನೆಟ್ ಕೇಬಲ್ ಕಿತ್ತೆ. ಪಾಸ್‌ವರ್ಡ್‌ಗಳನ್ನೆಲ್ಲ ನನ್ನ ಮೊಬೈಲಿಂದ ಬದಲಾಯಿಸಿ, ಎಲ್ಲ ಡಿವೈಸ್‌ಗಳಿಂದಲೂ ಸೈನ್ ಔಟ್ ಮಾಡಿದೆ. ಇದನ್ನು ಬಹಳ ಜನ ಮರೆಯುತ್ತಾರೆ. ಈ ಸ್ಪೈವೇರ್‌ಗಳು ಬ್ರೌಸರ್‌ನಲ್ಲಿ ಸೇವ್ ಆದ ಪಾಸ್‌ವರ್ಡ್ ಮಾತ್ರವಲ್ಲ, ಕುಕೀಗಳನ್ನೂ ಕದಿಯುತ್ತವೆ. ಕುಕೀ ಸಿಕ್ಕರೆ ಪಾಸ್‌ವರ್ಡ್, ಓಟಿಪಿ ಯಾವುದೂ ಇಲ್ಲದೆ ಒಳಗೆ ಬರಬಹುದು. ರಿಕವರಿ ನಂಬರ್ ಅಪ್ಪನದೇನಾ, ಮೇಲ್ ಬೇರೆಲ್ಲಿಗಾದರೂ ಫಾರ್ವರ್ಡ್ ಆಗ್ತಿದೆಯಾ ಅಂತಲೂ ನೋಡಿದೆ.

ಆಮೇಲೆ ಹುಡುಕಾಟ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿದರೆ ಟಾಸ್ಕ್ ಮ್ಯಾನೇಜರ್. ಅದರ ಸ್ಟಾರ್ಟಪ್ ಪಟ್ಟಿಯಲ್ಲಿ 'ಅಪ್‌ಡೇಟ್' ಅಂತ ಸಭ್ಯ ಹೆಸರಿನ ಫೈಲೊಂದು. ರೈಟ್ ಕ್ಲಿಕ್ ಮಾಡಿ ಜಾಗ ನೋಡಿದರೆ ಆ್ಯಪ್‌ಡೇಟಾ ಫೋಲ್ಡರ್‌ನ ಒಳಗೆಲ್ಲೋ ಅಡಗಿತ್ತು. ಡಿಲೀಟ್ ಮಾಡಿದೆ. ರೀಸ್ಟಾರ್ಟ್ ಮಾಡಿದರೆ ಮತ್ತೆ ಹಾಜರ್! ಟಾಸ್ಕ್ ಶೆಡ್ಯೂಲರ್‌ನಲ್ಲಿ ಅದನ್ನು ಎಬ್ಬಿಸುವ ಕೆಲಸವೊಂದು ಕೂತಿತ್ತು. ಈ ಸಲ ಮೊದಲು ಪ್ರೋಗ್ರಾಂ ನಿಲ್ಲಿಸಿ, ಶೆಡ್ಯೂಲರ್‌ನ ಕೆಲಸ ತೆಗೆದು, ರಿಜಿಸ್ಟ್ರಿಯ 'ರನ್' ಭಾಗದ ನಮೂದು ಅಳಿಸಿ, ಕೊನೆಗೆ ಫೈಲ್ ಅಳಿಸಿದೆ. ರಿಜಿಸ್ಟ್ರಿಯಲ್ಲಿ ಗೊತ್ತಿಲ್ಲದ್ದನ್ನು ಮುಟ್ಟಬೇಡಿ, ಕಂಪ್ಯೂಟರೇ ಏಳದೆ ಹೋದೀತು. ವಿಂಡೋಸ್ ಡಿಫೆಂಡರ್‌ನ 'ಎಕ್ಸ್‌ಕ್ಲೂಷನ್' ಪಟ್ಟಿಯಲ್ಲೂ ಆ ಫೋಲ್ಡರ್ ಇತ್ತು, ಅಂದರೆ ಕಾವಲುಗಾರನಿಗೇ ಕಣ್ಣುಪಟ್ಟಿ. ಅದನ್ನು ತೆಗೆದು ಆಫ್‌ಲೈನ್ ಸ್ಕ್ಯಾನ್ ಕೊಟ್ಟೆ.

ಬಂದಿದ್ದು ಎಲ್ಲಿಂದ? ಅಣ್ಣನ ಮಗ ಕ್ರ್ಯಾಕ್ ಮಾಡಿದ ಗೇಮ್ ಹಾಕಿದ್ದ. "ಆ್ಯಂಟಿವೈರಸ್ ಆಫ್ ಮಾಡಿ" ಅಂತ ಅದರಲ್ಲೇ ಬರೆದಿತ್ತಂತೆ, ಪಾಪ ಮಾಡಿದ್ದಾನೆ. ಅವನೊಬ್ಬನೇ ಅಲ್ಲ ಬಿಡಿ: 'ಲುಮ್ಮಾ' ಎಂಬ ಇಂಥದ್ದೇ ಸ್ಪೈವೇರ್ 2025ರ ಮಾರ್ಚ್‌ನಿಂದ ಮೇ ನಡುವಿನ ಎರಡೇ ತಿಂಗಳಲ್ಲಿ ಜಗತ್ತಿನ 3,94,000 ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಸಿಕ್ಕಿತ್ತು ಎಂದು ಮೈಕ್ರೋಸಾಫ್ಟ್ ಹೇಳಿದೆ.

ಸ್ಕ್ಯಾನ್ ಏನೂ ಇಲ್ಲ ಅಂದಿತು. ಆದರೂ ಅಪ್ಪನ ಪೆನ್ಷನ್ ಖಾತೆ ನೋಡುವುದು ಇದೇ ಕಂಪ್ಯೂಟರಿನಲ್ಲಿ. ನನಗೆ ಧೈರ್ಯ ಬರಲಿಲ್ಲ. ಫೋಟೊಗಳನ್ನಷ್ಟೇ ಕಾಪಿ ಮಾಡಿಕೊಂಡು ವಿಂಡೋಸನ್ನೇ ಹೊಸದಾಗಿ ಹಾಕಿದೆ. ಪುಣ್ಯಕ್ಕೆ ಖಾತೆಯಿಂದ ದುಡ್ಡು ಹೋಗಿರಲಿಲ್ಲ, ಹೋಗಿದ್ದರೆ ಮೊದಲ ಫೋನ್ 1930ಕ್ಕೇ ಮಾಡುತ್ತಿದ್ದೆ. ಎಲ್ಲ ಮುಗಿಸಿ ಏಳುವಾಗ ಒಬ್ಬಟ್ಟು ತಣ್ಣಗಾಗಿತ್ತು.