ಎರಡು ಸಂಬಳ, ಒಂದೇ ಪ್ಯಾನ್

‘ಟಿಡಿಎಸ್ ಕಂಪನಿಯವರೇ ಹಿಡೀತಾರೆ, ನಮಗ್ಯಾಕೆ ತಲೆಬಿಸಿ?’ ವರ್ಷದ ನಡುವೆ ಕೆಲಸ ಬದಲಿಸಿದವರು ಹೀಗೆನ್ನುವುದುಂಟು. ಹಳೆಯ ಸಂಬಳದ ವಿವರ ಪ್ಯಾನ್ ಮೂಲಕ ಹೊಸ ಕಂಪನಿಗೆ ತಾನಾಗಿಯೇ ಗೊತ್ತಾಗುತ್ತದೆ ಎಂಬ ನಂಬಿಕೆ ಬೇರೆ. ಗೊತ್ತಾಗುವುದಿಲ್ಲ. ಆ ವಿವರ ಇರುವ ಎಐಎಸ್, 26ಎಎಸ್ ನೋಡುವುದು ಆದಾಯ ತೆರಿಗೆ ಇಲಾಖೆ ಮತ್ತು ನೀವು; ಎಚ್‌ಆರ್ ಅಲ್ಲ.

ಯಲಹಂಕ ನ್ಯೂ ಟೌನ್‌ನಿಂದ ಮಾನ್ಯತಾ ಟೆಕ್ ಪಾರ್ಕ್‌ಗೆ ಓಡಾಡುವ ಒಬ್ಬರಿಗೆ 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 1 ಲಕ್ಷ ಸಂಬಳ, ಅಕ್ಟೋಬರ್‌ನಿಂದ ಹೊಸ ಕಂಪನಿಯಲ್ಲಿ 1.5 ಲಕ್ಷ ಎನ್ನಿ. ಎರಡೂ ಕಂಪನಿಯವರ ಲೆಕ್ಕ ಹೊಸ ತೆರಿಗೆ ಪದ್ಧತಿಯಲ್ಲೇ. ಮೊದಲನೆಯವರು ವರ್ಷಕ್ಕೆ 12 ಲಕ್ಷ ಎಂದು ಅಂದಾಜಿಸಿ, ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು, 87ಎ ರಿಯಾಯಿತಿ ಕೊಟ್ಟು ಏನೂ ಹಿಡಿಯುವುದಿಲ್ಲ. ಎರಡನೆಯವರಿಗೆ ಕಾಣುವುದು ಆರು ತಿಂಗಳ 9 ಲಕ್ಷ. ಅವರೂ ಅದೇ 75,000 ಕಳೆದು ಸೊನ್ನೆ ಬರೆಯುತ್ತಾರೆ. ಪೇಸ್ಲಿಪ್‌ನಲ್ಲಿ ಪ್ರೊಫೆಷನಲ್ ಟ್ಯಾಕ್ಸ್ 200 ರೂಪಾಯಿ ಇದೆ, ಇನ್‌ಕಮ್ ಟ್ಯಾಕ್ಸ್ ಸಾಲು ಖಾಲಿ. ಆಸಾಮಿ ಖುಷಿ.

ರಿಟರ್ನ್ ತುಂಬಲು ಕೂತಾಗ ಎರಡು ಫಾರಂ 16 ಕೈಯಲ್ಲಿ. ಒಟ್ಟು 15 ಲಕ್ಷ. 75,000 ಕಳೆಯುವುದು ಒಂದೇ ಸಲ, ಹಾಗಾಗಿ 14.25 ಲಕ್ಷ. ‘12 ಲಕ್ಷದ ಮೇಲಿನದ್ದಕ್ಕೆ ಮಾತ್ರ ತಾನೇ?’ ಎನ್ನುವವರಿದ್ದಾರೆ. ಅಲ್ಲ, 12 ಲಕ್ಷವನ್ನು ಇಷ್ಟು ದಾಟಿದ ಮೇಲೆ ರಿಯಾಯಿತಿಯೇ ಹೋಗಿ 4 ಲಕ್ಷದಿಂದಾಚೆಗೆ ಲೆಕ್ಕ ಶುರು. ತೆರಿಗೆ 93,750, ಸೆಸ್ ಸೇರಿ 97,500. ಮುಂಗಡ ತೆರಿಗೆ ಕಟ್ಟದ್ದಕ್ಕೆ 234ಬಿ ಬಡ್ಡಿ ತಿಂಗಳಿಗೆ ಶೇ 1, ಜುಲೈ ಹೊತ್ತಿಗೆ 3,900. ಕಂತು ತಪ್ಪಿದ್ದಕ್ಕೆ 234ಸಿ ಬಡ್ಡಿ ಪ್ರತ್ಯೇಕ. ಎರಡೂ ಕಂಪನಿ ತಮಗೆ ಗೊತ್ತಿದ್ದಷ್ಟಕ್ಕೆ ಸರಿಯಾಗಿಯೇ ಲೆಕ್ಕ ಹಾಕಿದ್ದವು.

ಇದನ್ನು ತಪ್ಪಿಸಲೆಂದೇ ಇದ್ದದ್ದು ಫಾರಂ 12ಬಿ. ಹಿಂದಿನ ಸಂಬಳ, ಹಿಡಿದ ಟಿಡಿಎಸ್ ಎರಡನ್ನೂ ಅದರಲ್ಲಿ ಬರೆದು ಹೊಸ ಕಂಪನಿಗೆ ಕೊಟ್ಟರೆ ಉಳಿದ ತಿಂಗಳುಗಳಿಗೆ ಹಂಚಿ ಹಿಡಿಯುತ್ತಾರೆ. ಮೇಲಿನ ಲೆಕ್ಕದಲ್ಲಿ ತಿಂಗಳಿಗೆ 16,250. ಏಕಕಾಲಕ್ಕೆ ಎರಡು ಕಡೆ ಸಂಬಳ ಇದ್ದವರೂ ಒಂದು ಕಂಪನಿಯನ್ನು ಆರಿಸಿ ಅದಕ್ಕೆ ಇನ್ನೊಂದರ ವಿವರ ಕೊಡಬಹುದು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಸೆಕ್ಷನ್, ಫಾರಂ ಸಂಖ್ಯೆಗಳು ಬದಲಾಗಿವೆ, ಹಾಗಾಗಿ ಈಗಿನ ನಮೂನೆಯನ್ನು ಎಚ್‌ಆರ್‌ನಲ್ಲೇ ಕೇಳಿ ಪಡೆಯುವುದು ಒಳ್ಳೆಯದು.

ಇನ್ನೊಂದು ಗೊಂದಲ ಗಂಡ-ಹೆಂಡಿರದು. ಗಂಡ ರೈಲು ಗಾಲಿ ಕಾರ್ಖಾನೆಯಲ್ಲಿ, ಹೆಂಡತಿ ಖಾಸಗಿ ಕಂಪನಿಯಲ್ಲಿ; ಇಬ್ಬರ ಸಂಬಳ ಕೂಡಿಸಿದರೆ ಸ್ಲ್ಯಾಬ್ ಏರುತ್ತದೆಂಬ ಭಯ. ಅಮೆರಿಕದಲ್ಲಿರುವ ಭಾವನ ಮಾತು ಇದಕ್ಕೆ ಕಾರಣವಿರಬಹುದು: ಅಲ್ಲಿ ದಂಪತಿ ಜಂಟಿ ರಿಟರ್ನ್ ಸಲ್ಲಿಸಬಹುದು, ಡಬ್ಲ್ಯೂ-4 ಫಾರಂನಲ್ಲಿ ಸಂಗಾತಿಯ ಕೆಲಸವನ್ನೂ ಲೆಕ್ಕಕ್ಕೆ ತರಬೇಕು. ಇಲ್ಲಿ ಜಂಟಿ ರಿಟರ್ನ್ ಇಲ್ಲ. ಅವರವರ ಸಂಬಳ ಅವರವರ ಪ್ಯಾನ್‌ಗೆ.

ಸಂಬಳದ ಜೊತೆಗೆ ಕನ್ಸಲ್ಟಿಂಗ್ ಮಾಡುವವರದು ಮೂರನೆಯ ಮಾತು: ‘ಶೇ 10 ಹಿಡಿದಿದ್ದಾರೆ, ಮುಗಿಯಿತು.’ ಒಟ್ಟು ಆದಾಯ ಶೇ 20ರ ಸ್ಲ್ಯಾಬ್‌ನಲ್ಲಿದ್ದರೆ ಮಿಕ್ಕದ್ದು ಬಾಕಿಯೇ. ಬಾಕಿ 10,000 ಮುಟ್ಟಿದರೆ ಮುಂಗಡ ತೆರಿಗೆ ಕಟ್ಟಬೇಕು. ಕಂತುಗಳು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್‌ನ 15ಕ್ಕೆ. ಎಲ್ಲ ತಪ್ಪಿಹೋಗಿದ್ದರೂ ಮಾರ್ಚ್ 31ರೊಳಗೆ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಕಟ್ಟಿದ್ದು ಮುಂಗಡ ತೆರಿಗೆ ಎಂದೇ ಲೆಕ್ಕ. ಪೂರ್ತಿ ಕಟ್ಟಿಬಿಟ್ಟರೆ ಹಳೆಯ ಕಾಯ್ದೆಯಲ್ಲಿ 234ಬಿ ಎನ್ನುತ್ತಿದ್ದ ಬಡ್ಡಿಯಾದರೂ ಉಳಿಯುತ್ತದೆ.