ಹಳೆ ಗಾಡಿಗೂ ಆರೈಕೆ ಬೇಕು

ಬೆಳಗಿನ ಹೊತ್ತು. ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಹಾಲಿನ ಕ್ಯಾನನ್ನು ಗಾಡಿಗೆ ಕಟ್ಟಿ ಆಗಿದೆ. ಡೈರಿ ಇರುವುದು ಪಕ್ಕದ ಊರಲ್ಲಿ. ಯಜಮಾನರು ಕಿಕ್ಕರ್ ಒದ್ದರು. ಗಾಡಿ ಶುರು ಆಗಲಿಲ್ಲ. ಮತ್ತೆ ಒದ್ದರು. ಬೆವರು ಇಳಿಯಿತೇ ಹೊರತು ಗಾಡಿ ಅಲ್ಲಾಡಲಿಲ್ಲ. ಅಷ್ಟರಲ್ಲಿ ಡೈರಿ ಬಾಗಿಲು ಹಾಕಿತು. ಒಂದು ಹೊತ್ತಿನ ಹಾಲಿನ ದುಡ್ಡು ಹೋಯಿತು.

ಸಂಜೆ ಆ ಅಕ್ಕ ನಮ್ಮ ಕಲಿಕಾ ಕೇಂದ್ರಕ್ಕೆ ಬಂದರು. "ಟೀಚರ್, ಗಾಡಿ ವಿಷಯಾನೂ ನಮಗೆ ಒಂದು ಪಾಠ ಮಾಡಿ" ಅಂದರು. ನಮಗೂ ಹೆಚ್ಚು ಗೊತ್ತಿರಲಿಲ್ಲ. ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಎಲ್ಲರೂ ಸುತ್ತ ಕೂತು ಕಲಿತೆವು. ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಎಂಜಿನ್ ಒಂದು ಒಲೆ

ಒಲೆ ಉರಿಯಲು ಏನು ಬೇಕು? ಸೌದೆ ಬೇಕು. ಗಾಳಿ ಬೇಕು. ಕಿಡಿ ಬೇಕು. ಎಂಜಿನ್ನಿಗೂ ಈ ಮೂರೇ ಬೇಕು. ಪೆಟ್ರೋಲೇ ಅದರ ಸೌದೆ. ಗಾಳಿ ಏರ್ ಫಿಲ್ಟರ್ ಮೂಲಕ ಒಳಗೆ ಬರುತ್ತದೆ. ಕಿಡಿ ಕೊಡುವುದು ಪ್ಲಗ್ಗು. ಹಳೆ ಗಾಡಿಯಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವುದು ಕಾರ್ಬುರೇಟರ್.

ನಮ್ಮ ಮನೆಗಳಲ್ಲಿರುವ ಬೈಕುಗಳಿಗೆ ಸಾಮಾನ್ಯವಾಗಿ ಒಂದೇ ಸಿಲಿಂಡರ್. ಅಂದರೆ ಒಂದೇ ಒಲೆ. ಅದು ಆರಿದರೆ ಗಾಡಿ ನಿಂತ ಹಾಗೇ.

ಗಾಡಿ ಶುರು ಆಗದಿದ್ದರೆ ಒದೆಯುತ್ತಲೇ ಇರಬೇಡಿ. ಮೊದಲು ಪೆಟ್ರೋಲ್ ನೋಡಿ. ಟ್ಯಾಂಕಿನ ಕೆಳಗೆ ಒಂದು ತಿರುಪು ಇರುತ್ತದೆ. ಅದಕ್ಕೆ ಆನ್, ಆಫ್, ರಿಸರ್ವ್ ಎಂಬ ಮೂರು ಜಾಗ. ಆಫ್‌ನಲ್ಲಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ಪೆಟ್ರೋಲ್ ಕಡಿಮೆ ಇದ್ದರೆ ರಿಸರ್ವ್‌ಗೆ ತಿರುಗಿಸಿ.

ಆಮೇಲೆ ಪ್ಲಗ್ಗು. ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ಪಾನಾದಿಂದ ಬಿಚ್ಚಿ. ತುದಿ ಕಾಫಿ ಬಣ್ಣ ಇದ್ದರೆ ಒಳ್ಳೆಯದು. ಕಪ್ಪು ಮಸಿ ಕಟ್ಟಿದ್ದರೆ ಬ್ರಷ್ಷಿನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ. ಪೆಟ್ರೋಲ್ ಹತ್ತಿರ ಬೀಡಿ, ದೀಪ, ಒಲೆ ಇರಲೇಬಾರದು.

ಮಸಿ ಯಾಕೆ ಕಟ್ಟುತ್ತದೆ? ಗಾಳಿ ಸಾಲದೆ ಒಲೆ ಹೊಗೆಯಾಡುವುದಿಲ್ಲವೇ, ಹಾಗೆ. ಮಾಲೂರಿನ ಇಟ್ಟಿಗೆ ಗೂಡುಗಳ ದಾರಿಯಲ್ಲಿ ಎಷ್ಟು ಧೂಳು! ಆ ಧೂಳೆಲ್ಲ ಏರ್ ಫಿಲ್ಟರಿನಲ್ಲಿ ಕೂರುತ್ತದೆ. ಸ್ಪಂಜಿನ ಫಿಲ್ಟರ್ ಆದರೆ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸ್ವಲ್ಪ ಆಯಿಲ್ ಸವರಿ ಹಾಕಬೇಕು. ಕಾಗದದ ಫಿಲ್ಟರ್ ತೊಳೆಯಬಾರದು. ಧೂಳು ಕೊಡವಬೇಕು, ತೀರಾ ಕೊಳೆಯಾದರೆ ಬದಲಾಯಿಸಬೇಕು. ಆ ಅಕ್ಕನ ಗಾಡಿಗೆ ಆಗಿದ್ದೂ ಇದೇ. ಫಿಲ್ಟರ್ ತುಂಬ ಧೂಳು, ಪ್ಲಗ್ಗಿನ ತುಂಬ ಮಸಿ.

ಆಯಿಲ್ ಮರೆತರೆ ಎಂಜಿನ್ ಹೋಯಿತು

ಹಳೆ ಗಾಡಿಗಳಲ್ಲಿ ಎರಡು ಜಾತಿ. ಹಳೆಯ ಯೆಜ್ಡಿ, ಹಳೆಯ ಟಿ.ವಿ.ಎಸ್. ಮೊಪೆಡ್ ಟೂ ಸ್ಟ್ರೋಕ್. ಇವುಗಳಿಗೆ ಪೆಟ್ರೋಲ್ ಜೊತೆ ಟೂ-ಟಿ ಆಯಿಲ್ ಬೆರೆಸಬೇಕು. ಬೆರೆಸದಿದ್ದರೆ ಪಿಸ್ಟನ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ. ಲೀಟರಿಗೆ ಎಷ್ಟು ಎಂದು ಗಾಡಿಯ ಪುಸ್ತಕದಲ್ಲಿ ಓದಿ.

ಹೀರೋ ಹೋಂಡಾದಂಥವು ಫೋರ್ ಸ್ಟ್ರೋಕ್. ಇವುಗಳ ಆಯಿಲ್ ಎಂಜಿನ್ ಒಳಗೇ ಇರುತ್ತದೆ. ಗಾಡಿಯನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ. ಆಯಿಲ್ ಅಳೆಯುವ ಕಡ್ಡಿ ತೆಗೆದು ಒರೆಸಿ, ಮತ್ತೆ ಇಟ್ಟು ನೋಡಿ. ಕಡ್ಡಿಯ ಎರಡು ಗೆರೆಗಳ ನಡುವೆ ಆಯಿಲ್ ಇರಬೇಕು. ತೆಗೆದ ಹಳೆ ಆಯಿಲನ್ನು ಬಾವಿ, ಕೆರೆ, ಹೊಲದ ಹತ್ತಿರ ಚೆಲ್ಲಬೇಡಿ. ನೀರು ಕೆಡುತ್ತದೆ.

ಚೈನು, ಬ್ರೇಕು, ಸೆರಗು

ಶ್ರೀನಿವಾಸಪುರದ ಮಾವಿನ ತೋಪಿನ ದಾರಿ ಮಳೆಗಾಲದಲ್ಲಿ ಬರೀ ಕೆಸರು. ಕೆಸರು ಹತ್ತಿದ ಚೈನು ಬೇಗ ಸವೆಯುತ್ತದೆ. ಎಂಜಿನ್ ಆಫ್ ಮಾಡಿ, ಚೈನು ಒರೆಸಿ, ಆಯಿಲ್ ಬಿಡಿ. ಗಾಡಿ ಓಡುತ್ತಿರುವಾಗ ಚೈನಿನ ಹತ್ತಿರ ಕೈ ಬೇಡ. ಚೈನು ಜೋತುಬಿದ್ದರೆ ಕಳಚಿ ಬೀಳಬಹುದು. ತುಂಬ ಬಿಗಿಯಾದರೂ ಕೆಟ್ಟದ್ದು. ಸಾಮಾನ್ಯ ಬೈಕಿನಲ್ಲಿ ಸುಮಾರು 2ರಿಂದ 3 ಸೆಂಟಿಮೀಟರ್ ಆಡಬೇಕು.

ಬ್ರೇಕ್ ಸರಿಯಿಲ್ಲದ ಗಾಡಿಯಲ್ಲಿ ಟೊಮೆಟೊ ಕ್ರೇಟು ಹೇರಿಕೊಂಡು ಕೋಲಾರದ ಮಂಡಿಗೆ ಹೊರಡಬೇಡಿ. ಹೊರಡುವ ಮುಂಚೆ ಎರಡೂ ಬ್ರೇಕ್ ಹಿಡಿದು ನೋಡಿ. ಟೈರಿನ ಗಾಳಿ ನೋಡಿ. ಬ್ರೇಕಿನ ರಿಪೇರಿ ಮೆಕ್ಯಾನಿಕ್ಕೇ ಮಾಡಲಿ.

ಅಕ್ಕಂದಿರೇ, ಇದು ಮುಖ್ಯ. ಹಿಂದೆ ಕೂರುವಾಗ ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಸೆರಗೋ ವೇಲೋ ಚಕ್ರಕ್ಕೆ, ಚೈನಿಗೆ ಸಿಕ್ಕಿದರೆ ಜೀವಕ್ಕೇ ಅಪಾಯ. ಚೈನ್ ಕವರ್, ಸೀರೆ ಗಾರ್ಡ್ ಕಿತ್ತುಹಾಕಲು ಬಿಡಬೇಡಿ. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು.

ಗಾಡಿಗೂ ಒಂದು ಪುಸ್ತಕ

ನಾವು ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ನೋಟ್ ಬುಕ್ಕಿನಲ್ಲಿ ತಾರೀಖು, ಮೀಟರಿನ ಅಂಕಿ, ಮಾಡಿಸಿದ ಕೆಲಸ, ಕೊಟ್ಟ ದುಡ್ಡು ಬರೆಯಿರಿ. ಮೀಟರ್ 12,400 ಇದ್ದಾಗ ಆಯಿಲ್ ಬದಲಾಯಿಸಿದಿರಿ ಅನ್ನಿ. 3,000 ಕಿಲೋಮೀಟರಿಗೆ ಬದಲಾಯಿಸಿ ಎಂದು ಪುಸ್ತಕ ಹೇಳಿದರೆ, ಮುಂದಿನ ಸಲ 15,400ಕ್ಕೆ. ಮೀಟರ್ ಕೆಟ್ಟಿದ್ದರೆ ತಾರೀಖು ನೋಡಿಕೊಳ್ಳಿ.

ಮೈಸೂರಿನಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದವು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಮಾಡಿದ ಎಷ್ಟೋ ಗಾಡಿಗಳು ಇಂದಿಗೂ ಓಡುತ್ತಿವೆ. ನಮ್ಮ ಕೋಲಾರದ ನರಸಾಪುರದಲ್ಲೇ 2013ರಲ್ಲಿ ಹೋಂಡಾ ಕಾರ್ಖಾನೆ ಶುರುವಾಯಿತು. ಹೊಸ ಗಾಡಿ ದಿನಾ ಬರುತ್ತವೆ. ಆದರೆ ಹೊಸದನ್ನು ಕೊಳ್ಳಲು ಸಾಲ ಬೇಕು. ಇರುವುದನ್ನು ಉಳಿಸಿಕೊಳ್ಳಲು ವಾರಕ್ಕೆ ಅರ್ಧ ಗಂಟೆ ಸಾಕು.

ಈಗ ಆ ಅಕ್ಕನ ಮನೆ ಗೋಡೆಗೆ ಒಂದು ಪುಸ್ತಕ ನೇತುಹಾಕಿದೆ. ಯಜಮಾನರೇ ಕೇಳುತ್ತಾರಂತೆ, "ಆಯಿಲ್ ಯಾವಾಗ ಹಾಕಿಸಿದ್ದು, ನೋಡಿ ಹೇಳೇ" ಅಂತ. ಅಕ್ಕ ಓದಿ ಹೇಳುತ್ತಾರೆ.

ಓದಿ, ಉತ್ತರ ಹೇಳಿ

1. ಎಂಜಿನ್ ಉರಿಯಲು ಬೇಕಾದ ಮೂರು ವಸ್ತುಗಳು ಯಾವುವು?
2. ಪ್ಲಗ್ಗಿನ ತುದಿ ಯಾವ ಬಣ್ಣ ಇದ್ದರೆ ಒಳ್ಳೆಯದು?
3. ನಿಮ್ಮ ಮನೆಯ ಗಾಡಿಗೆ ಆಯಿಲ್ ಬದಲಾಯಿಸಿದ್ದು ಯಾವಾಗ? ಕೇಳಿ ಬರೆಯಿರಿ.