ಯೋನ ಓಡಿದ, ಸರಕು ಕಳಕೊಂಡವರು ಬೇರೆಯವರು

ಹೋದ ವಾರದ ಮಾತು ಕೇಳಿದ ಕೆಲವರು ಒಂದು ಪ್ರಶ್ನೆ ಕಳಿಸಿದ್ದರು: "ದೇವರ ಮಾತು ಕೇಳದಿದ್ದರೆ ಏನಾಗುತ್ತೆ? ಶಿಕ್ಷೆ ಕೊಟ್ಟೇ ಕೊಡ್ತಾರಾ?" ಇವತ್ತು ಯೋನನ ಪುಸ್ತಕ ಇಟ್ಟುಕೊಂಡು ಉತ್ತರ ಹುಡುಕೋಣ. ಇರೋದು 4 ಅಧ್ಯಾಯ, 48 ವಚನ ಅಷ್ಟೇ. ಕ್ಯಾಬ್ ಆಫೀಸ್ ತಲುಪೋದರೊಳಗೆ ಓದಿ ಮುಗಿಸಬಹುದು. ಸಂಡೇ ಸ್ಕೂಲ್‌ನಿಂದ ನಮಗೆ ನೆನಪಿರೋದು ಮೀನು ಮಾತ್ರ. ಆದರೆ ಮೀನಿನ ಮಾತು ಬರೋದು ಮೂರೇ ವಚನಗಳಲ್ಲಿ. ಉಳಿದದ್ದೆಲ್ಲ ಯೋನ ಮತ್ತು ದೇವರ ನಡುವಿನ ಜಗ್ಗಾಟ.

ಯೋನ ಯಾಕೆ ಓಡಿದ?

ದೇವರು ಹೇಳಿದ್ದು ನಿನೆವೆಗೆ ಹೋಗು ಅಂತ. ನಿನೆವೆ ಇದ್ದದ್ದು ಟೈಗ್ರಿಸ್ ನದಿ ದಡದಲ್ಲಿ, ಈಗಿನ ಇರಾಕ್‌ನ ಮೋಸುಲ್ ಇರೋ ಜಾಗದಲ್ಲಿ. ಯೋನ ಯೊಪ್ಪಕ್ಕೆ ಇಳಿದು, ಪ್ರಯಾಣದ ದುಡ್ಡು ಕೊಟ್ಟು, ತಾರ್ಷೀಷಿನ ಹಡಗು ಹತ್ತಿದ. ತಾರ್ಷೀಷ್ ಸ್ಪೇನ್ ಕಡೆ ಇತ್ತು ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ಅಂದರೆ ಪೂರ್ವಕ್ಕೆ ಹೋಗು ಅಂದರೆ ಪಶ್ಚಿಮಕ್ಕೆ ಹೊರಟ.

ಹೆದರಿ ಓಡಿದ ಅಂತ ನಾವು ಅಂದುಕೊಳ್ತೀವಿ. ನಿಜವಾದ ಕಾರಣವನ್ನ ಅವನೇ 4ನೇ ಅಧ್ಯಾಯದಲ್ಲಿ ಬಾಯಿಬಿಡ್ತಾನೆ. ದೇವರು ಕರುಣೆಯುಳ್ಳವರು, ಆ ಜನರನ್ನ ಕ್ಷಮಿಸಿಬಿಡ್ತಾರೆ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಅದು ಅವನಿಗೆ ಬೇಡವಾಗಿತ್ತು. ನಿನೆವೆ ಅಶ್ಶೂರರ ದೊಡ್ಡ ಪಟ್ಟಣ. ಇದೇ ಅಶ್ಶೂರರು ಕ್ರಿ.ಪೂ. 722ರ ಸುಮಾರಿಗೆ ಇಸ್ರಾಯೇಲಿನ ಉತ್ತರ ರಾಜ್ಯವನ್ನ ಮುಗಿಸಿಬಿಟ್ಟರು. ಇಂಥವರಿಗೆ ಕ್ಷಮೆ ಸಿಗಬಾರದು ಅನ್ನೋದು ಯೋನನ ಹಟ. ದೇವರ ಮಾತು ಅರ್ಥ ಆಗದೆ ಅಲ್ಲ, ಚೆನ್ನಾಗಿ ಅರ್ಥ ಆಗಿಯೇ ಅವನು ಓಡಿದ್ದು.

ನಷ್ಟ ಯಾರಿಗೆ?

ಸಮುದ್ರದಲ್ಲಿ ಬಿರುಗಾಳಿ ಎದ್ದಿತು. ನಾವಿಕರು ಹಡಗು ಹಗುರಾಗಲಿ ಅಂತ ಸರಕನ್ನೆಲ್ಲ ನೀರಿಗೆ ಎಸೆದರು. ಯೋಚನೆ ಮಾಡಿ, ಆ ಸರಕು ಯಾರದೋ ಬದುಕು. ಅವರಿಗೆ ನಿನೆವೆಯೂ ಗೊತ್ತಿಲ್ಲ, ಯೋನನೂ ಗೊತ್ತಿಲ್ಲ. ತಪ್ಪು ಮಾಡಿದವನು ಮಾತ್ರ ಹಡಗಿನ ಕೆಳಭಾಗದಲ್ಲಿ ಗಾಢ ನಿದ್ರೆಯಲ್ಲಿದ್ದ! ಕೊನೆಗೆ "ನನ್ನನ್ನ ಎಸೆಯಿರಿ" ಅಂತ ಅವನೇ ಹೇಳಿದರೂ ಆ ನಾವಿಕರು ಹುಟ್ಟು ಹಾಕಿ ದಡ ಸೇರಿಸೋಕೆ ಒದ್ದಾಡಿದರು. ದೇವರನ್ನ ಬಲ್ಲವನಿಗಿಂತ ಅರಿಯದವರಲ್ಲೇ ಹೆಚ್ಚು ಕರುಣೆ ಕಾಣುತ್ತೆ.

ಅವಿಧೇಯತೆಯ ಫಲ ಅಂದರೆ ನಾವು ಆಕಾಶದಿಂದ ಬೀಳೋ ಶಿಕ್ಷೆ ಅಂದುಕೊಳ್ತೀವಿ. ಯೋನನ ಕಥೆಯಲ್ಲಿ ಮೊದಲ ಪೆಟ್ಟು ಬೀಳೋದು ಪಕ್ಕದಲ್ಲಿರೋರಿಗೆ.

ನನ್ನ ವಿಷಯನೇ ಹೇಳ್ತೀನಿ. ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಿನ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟಿದ್ದೆ. ಕಾಣಿಕೆ ತಂದಾಗ ಸಹೋದರನ ಜೊತೆ ಮನಸ್ತಾಪ ಇದೆ ಅಂತ ನೆನಪಾದರೆ, ಮೊದಲು ಹೋಗಿ ಅವನ ಜೊತೆ ಸರಿಮಾಡಿಕೋ ಅಂತ ಯೇಸು ಹೇಳಿದ್ದು ಮತ್ತಾಯ 5ನೇ ಅಧ್ಯಾಯದಲ್ಲಿದೆ. ಪ್ರತಿ ಭಾನುವಾರ ಕಾಣಿಕೆ ಚೀಲ ಬಂದಾಗ ಅದು ನೆನಪಾಗೋದು. ಆಗಲೇ ಪುಣೆಗೆ ಹೋಗೋ ಅವಕಾಶ ಬಂತು, ತಕ್ಷಣ ಹೂಂ ಅಂದೆ. ಎಲ್ಲರಿಗೂ "ಕೆರಿಯರ್" ಅಂತ ಹೇಳಿದೆ. ಅದು ನನ್ನ ತಾರ್ಷೀಷ್. ಮೂರು ವರ್ಷ ನಾನು ಇಲ್ಲಿ ಆರಾಮಾಗೇ ಇದ್ದೆ, ಪ್ರಮೋಷನ್ನೂ ಸಿಕ್ಕಿತು. ಆದರೆ ಊರಲ್ಲಿ ಅಮ್ಮ ಎರಡೆರಡು ಸಲ ಕ್ರಿಸ್‌ಮಸ್ ಅಡುಗೆ ಮಾಡೋರು. ಅಣ್ಣನಿಗೆ 25ಕ್ಕೆ, ನನಗೆ 27ಕ್ಕೆ. ಒಬ್ಬನ ಫೋನ್ ಬಂದದ್ದನ್ನ ಇನ್ನೊಬ್ಬನಿಗೆ ಹೇಳ್ತಿರಲಿಲ್ಲ. ನಾನು ಕೆಳಗೆ ಮಲಗಿದ್ದೆ, ಸರಕು ಎಸೀತಿದ್ದವರು ಅಮ್ಮ.

ಎಲ್ಲ ಬಿರುಗಾಳಿಯೂ ಶಿಕ್ಷೆಯಲ್ಲ

ಇಲ್ಲೊಂದು ಎಚ್ಚರಿಕೆ. ಯಾರದೋ ಕೆಲಸ ಹೋದಾಗ, ಮಗುವಿಗೆ ಕಾಯಿಲೆ ಬಂದಾಗ "ಏನೋ ಅವಿಧೇಯತೆ ಇರಬೇಕು" ಅನ್ನೋರು ಇದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಮಾರ್ಕ 4ನೇ ಅಧ್ಯಾಯ ನೋಡಿ. ಆಚೆ ದಡಕ್ಕೆ ಹೋಗೋಣ ಅಂದದ್ದು ಯೇಸುವೇ. ಶಿಷ್ಯರು ಮಾತು ಕೇಳಿಯೇ ದೋಣಿ ಬಿಟ್ಟರು, ಆದರೂ ಬಿರುಗಾಳಿ ಬಂತು. ಯೋಹಾನ 9ರಲ್ಲಿ ಹುಟ್ಟುಕುರುಡನನ್ನ ನೋಡಿ, ಇದು ಯಾರ ಪಾಪ ಅಂತ ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಅನ್ನೋದೇ ಯೇಸುವಿನ ಉತ್ತರ. ಯೋನನ ಕಥೆಯನ್ನ ನಮ್ಮ ಮುಖ ನೋಡಿಕೊಳ್ಳೋಕೆ ಇಟ್ಟುಕೊಳ್ಳೋಣ, ಬೇರೆಯವರ ಮುಖಕ್ಕೆ ಹಿಡಿಯೋಕಲ್ಲ.

ಕಾಲು ಹೋಯಿತು, ಮನಸ್ಸು ಹೋಗಲಿಲ್ಲ

ಆ ಮೀನನ್ನೂ ಶಿಕ್ಷೆ ಅಂದುಕೊಳ್ತೀವಿ. ಆದರೆ ಮುಳುಗ್ತಿದ್ದವನನ್ನ ಉಳಿಸಿದ್ದೇ ಅದು. ಹೊಟ್ಟೆಯೊಳಗೆ ಯೋನ ಮಾಡೋ ಪ್ರಾರ್ಥನೆಯಲ್ಲಿ ದೂರಿಗಿಂತ ಸ್ತೋತ್ರವೇ ಹೆಚ್ಚು. ಮೂರು ದಿನದ ಮೇಲೆ ನೆಲ ಮುಟ್ಟಿದಾಗ ದೇವರು ಎರಡನೇ ಸಲ ಮಾತಾಡ್ತಾರೆ. ಹಳೇ ತಪ್ಪಿಗೆ ಬೈಗುಳ ಇಲ್ಲ. ಅದೇ ಕೆಲಸ, ಅದೇ ಊರು.

ಈ ಸಲ ಯೋನ ಹೋದ. 40 ದಿನದಲ್ಲಿ ಪಟ್ಟಣ ನಾಶ ಆಗುತ್ತೆ ಅಂತ ಸಾರಿದ. ರಾಜನಿಂದ ಹಿಡಿದು ಎಲ್ಲರೂ ಪಶ್ಚಾತ್ತಾಪಪಟ್ಟರು, ದೇವರು ಕ್ಷಮಿಸಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಟಿಕೆಟ್ ಕ್ಲೋಸ್ ಆಯಿತು. ಆದರೆ ಯೋನ ಪಟ್ಟಣದ ಹೊರಗೆ ಮುಖ ಊದಿಸಿಕೊಂಡು ಕೂತ. ನೆರಳು ಕೊಟ್ಟ ಗಿಡ ಒಣಗಿದ್ದಕ್ಕೆ ಅಷ್ಟು ಮರುಗಿದವನಿಗೆ ಆ ಊರಿನ 1,20,000ಕ್ಕೂ ಹೆಚ್ಚು ಜನ ಕಾಣಲಿಲ್ಲ. ದೇವರು ಅದನ್ನೇ ಕೇಳ್ತಾರೆ. ಪುಸ್ತಕ ಆ ಪ್ರಶ್ನೆಯಲ್ಲೇ ಮುಗಿಯುತ್ತೆ. ಯೋನನ ಉತ್ತರ ಏನು ಅಂತ ಬರೆದೇ ಇಲ್ಲ.

ದೇವರಿಗೆ ಬೇಕಾಗಿದ್ದು ಕೆಲಸ ಮಾತ್ರ ಆಗಿದ್ದರೆ 3ನೇ ಅಧ್ಯಾಯಕ್ಕೇ ಕಥೆ ಮುಗೀತಿತ್ತು. ಅವರು ಯೋನನ ಮನಸ್ಸಿಗೂ ಕಾದರು.

ಹೋದ ಈಸ್ಟರ್‌ಗೆ ನಾನು ಅಣ್ಣನ ಮನೆಗೆ ಹೋದೆ. ಅತ್ತಿಗೆ ಚಹಾ ಕೊಟ್ಟರು. ಮಳೆ, ಮಕ್ಕಳ ಶಾಲೆ ಬಗ್ಗೆ ಮಾತಾಡಿದೆವು. ಪಾಲಿನ ವಿಷಯ ಇಬ್ಬರೂ ಎತ್ತಲಿಲ್ಲ. ನನ್ನ ಮನಸ್ಸು ಪೂರ್ತಿ ಕರಗಿತು ಅಂದರೆ ಸುಳ್ಳಾಗುತ್ತೆ. ನಾನು ಇನ್ನೂ 4ನೇ ಅಧ್ಯಾಯದಲ್ಲೇ ಇದ್ದೀನಿ. ಆದರೆ ಆ ದಿನ ಅಮ್ಮ ಒಂದೇ ಸಲ ಅಡುಗೆ ಮಾಡಿದರು.

ಈ ವಾರ ನೀವೂ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಓಡ್ತಿರೋ ಹಡಗಿನಲ್ಲಿ ನನ್ನ ಜೊತೆ ಇನ್ನೂ ಯಾರಿದ್ದಾರೆ? ಮತ್ತೆ ಸಿಗೋಣ.